200ರಲ್ಲಿ ಒಂದು ಲೆಕ್ಕ, 300ರಲ್ಲಿ ಇನ್ನೊಂದು: ಚಿನ್ನ-ಚಿನ್ನ ಡಿಕ್ಕಿಯ ತುಣುಕುಗಳನ್ನು ಯಾವಾಗ ಎಣಿಸಬೇಕು?

ಎರಡನೇ_ವರ್ಷ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿಯ ಎರಡನೇ ವರ್ಷದಲ್ಲಿದ್ದೇನೆ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ.

ಚಿನ್ನದ ನ್ಯೂಕ್ಲಿಯಸ್‌ಗೆ ಇನ್ನೊಂದು ಚಿನ್ನದ ನ್ಯೂಕ್ಲಿಯಸ್ ಡಿಕ್ಕಿ ಹೊಡೆಯುತ್ತದೆ, ಒಂದೊಂದು ನ್ಯೂಕ್ಲಿಯಾನ್‌ಗೆ (ಪ್ರೋಟಾನ್ ಅಥವಾ ನ್ಯೂಟ್ರಾನ್) 600 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿ. ಇದನ್ನು ಕ್ಯೂಎಂಡಿ (ಕ್ವಾಂಟಮ್ ಮಾಲಿಕ್ಯುಲರ್ ಡೈನಾಮಿಕ್ಸ್) ಅನ್ನುವ ಕಂಪ್ಯೂಟರ್ ಕೋಡಿನಲ್ಲಿ ಓಡಿಸುತ್ತಿದ್ದೇನೆ. ಎರಡೂ ಸೇರಿ 394 ನ್ಯೂಕ್ಲಿಯಾನ್‌ಗಳು. ಪ್ರತಿಯೊಂದೂ ಒಂದು ಸಣ್ಣ ಮಸುಕಾದ ಉಂಡೆಯ ಹಾಗೆ. ಕೊನೆಯಲ್ಲಿ ಕೋಡ್ ನನಗೆ ಕೊಡುವುದು ಇಷ್ಟೇ: ಯಾವ ನ್ಯೂಕ್ಲಿಯಾನ್ ಎಲ್ಲಿದೆ, ಅದರ ಮೊಮೆಂಟಮ್ ಎಷ್ಟು. ಯಾವುದು ಯಾವ ತುಣುಕಿಗೆ ಸೇರಿದ್ದು ಅಂತ ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ. ಅದನ್ನು ನಾನೇ ಹುಡುಕಬೇಕು.

ಹುಡುಕಲು ಎಂಎಸ್‌ಟಿ (ಮಿನಿಮಮ್ ಸ್ಪ್ಯಾನಿಂಗ್ ಟ್ರೀ) ಅನ್ನುವ ವಿಧಾನ ಬಳಸುತ್ತಿದ್ದೇನೆ. ಎರಡು ನ್ಯೂಕ್ಲಿಯಾನ್‌ಗಳ ನಡುವೆ 4 ಫೆಮ್ಟೋಮೀಟರಿಗಿಂತ ಕಡಿಮೆ ದೂರವಿದ್ದರೆ ಅವೆರಡೂ ಒಂದೇ ತುಣುಕಿನವು. ಅದರ ಪಕ್ಕದ್ದು, ಆ ಪಕ್ಕದ್ದರ ಪಕ್ಕದ್ದು, ಹೀಗೆ ಸರಪಳಿ ಬೆಳೆಯುತ್ತದೆ. ಸರಪಳಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಆ ತುಣುಕು ಮುಗಿಯಿತು.

ಈಗ ತೊಂದರೆ. ಇಂಪ್ಯಾಕ್ಟ್ ಪ್ಯಾರಾಮೀಟರ್ (ಎರಡು ನ್ಯೂಕ್ಲಿಯಸ್‌ಗಳ ಕೇಂದ್ರಗಳು ಎಷ್ಟು ಪಕ್ಕಕ್ಕೆ ಸರಿದು ಡಿಕ್ಕಿಯಾಗುತ್ತವೆ ಅನ್ನುವ ದೂರ) 6 ಫೆಮ್ಟೋಮೀಟರ್ ಇಟ್ಟು 500 ಡಿಕ್ಕಿ ಓಡಿಸಿದೆ. 200 ಎಫ್‌ಎಂ/ಸಿ (ಬೆಳಕು ಒಂದು ಫೆಮ್ಟೋಮೀಟರ್ ದಾಟುವ ಹೊತ್ತೇ 1 ಎಫ್‌ಎಂ/ಸಿ) ಆದಾಗ ನಿಲ್ಲಿಸಿ ಎಣಿಸಿದರೆ, ಮಧ್ಯಮ ತೂಕದ ತುಣುಕುಗಳು, ಅಂದರೆ ಜೆಡ್ (ಪ್ರೋಟಾನ್‌ಗಳ ಸಂಖ್ಯೆ) 3ರಿಂದ 30ರವರೆಗಿನವು, ಡಿಕ್ಕಿಗೆ ಸರಾಸರಿ 1.4 ಸಿಗುತ್ತವೆ. ಅದೇ ಡಿಕ್ಕಿಗಳನ್ನು 300ರವರೆಗೆ ಬಿಟ್ಟರೆ 1.9. ದೂರವನ್ನು 4ರಿಂದ 3ಕ್ಕೆ ಇಳಿಸಿದರೆ ಮತ್ತೆ ಬೇರೆ ಸಂಖ್ಯೆ. ಇಂಥ ತುಣುಕುಗಳನ್ನು ನಿಜವಾಗಿ ಎಣಿಸಿದ ಅಲಾದಿನ್ ಪ್ರಯೋಗದ ಗ್ರಾಫ್ ನೋಡಿದರೆ ಶಿಖರದಲ್ಲಿ ಮೂರು-ನಾಲ್ಕು ತುಣುಕುಗಳಿವೆ. ನನ್ನ ಯಾವ ಲೆಕ್ಕವೂ ಅದರ ಹತ್ತಿರ ಹೋಗುತ್ತಿಲ್ಲ.

ಡಿಕ್ಕಿ ಒಂದೇ, ನ್ಯೂಕ್ಲಿಯಾನ್‌ಗಳು ಅವೇ. ಆದರೂ ನಾನು ಯಾವಾಗ ನೋಡುತ್ತೇನೆ, ಎಷ್ಟು ದೂರ ಅಂತ ಇಡುತ್ತೇನೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಹಾಗಾದರೆ ಇದರಲ್ಲಿ ಸರಿ ಯಾವುದು? ತುಣುಕು ನಿಜವಾಗಿ ಹುಟ್ಟುವುದು ಯಾವಾಗ?

ಲೂಪ್_ಒಳಗೆ

ನಾನು ಬೇರೆ ಕೋಡಿನಲ್ಲಿ, ಇದಕ್ಕಿಂತ ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡಿದವನು. ಅಲ್ಲಿಯೂ ಇದೇ ಆಗುತ್ತಿತ್ತು. ಎಂಎಸ್‌ಟಿ ನೋಡುವುದು ದೂರವನ್ನು ಮಾತ್ರ. ಹೊಸದಾಗಿ ಒಡೆದ ಎರಡು ತುಣುಕುಗಳು ಇನ್ನೂ ಅಕ್ಕಪಕ್ಕದಲ್ಲೇ ಇದ್ದರೆ ಅದಕ್ಕೆ ಅವು ಒಂದೇ. ದೂರ ಸರಿಯುವವರೆಗೆ ಕಾಯದೆ ಬೇರೆ ದಾರಿ ಇಲ್ಲ. 500 ಎಫ್‌ಎಂ/ಸಿವರೆಗೆ ಓಡಿಸಿ ನೋಡಿ. ಸಂಖ್ಯೆ ಎಲ್ಲಿ ಬದಲಾಗುವುದು ನಿಲ್ಲುತ್ತದೋ ಅದೇ ಉತ್ತರ ಅಂತ ನಾವು ತೆಗೆದುಕೊಳ್ಳುತ್ತಿದ್ದೆವು.

ಮೊಮೆಂಟಮ್ ಮೇಲೂ ಒಂದು ಮಿತಿ ಹಾಕಬಹುದು. ಪಕ್ಕಪಕ್ಕ ಇದ್ದರೂ ಬೇರೆ ಬೇರೆ ದಿಕ್ಕಿಗೆ ಜೋರಾಗಿ ಓಡುತ್ತಿದ್ದರೆ ಜೊತೆ ಅಂತ ಎಣಿಸಬೇಡಿ. ಸುಮಾರು 150 ಎಂಇವಿ/ಸಿ ಮಿತಿ ಇಡುವುದು ರೂಢಿ.

ಹಳೇ_ಸಿಂಟಿಲೇಟರ್

ನಾನು ಕೋಡ್ ಬರೆಯುವವನಲ್ಲ. ಹದಿನೆಂಟು ವರ್ಷ ಡಿಟೆಕ್ಟರ್‌ಗಳ ಜೊತೆ ಇದ್ದೇನೆ, ಅದರಲ್ಲಿ ಹೆಚ್ಚಿನದು ಇಂಥ ತುಣುಕುಗಳನ್ನೇ ಎಣಿಸುತ್ತಾ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು 500ರವರೆಗೆ ಕಾಯುವ ಮಾತು. ಆ ಸಲಹೆಯ ಹಿಂದಿನ ಕಾರಣ ಸರಿ. ಆದರೆ ನಿಮ್ಮ ಕೋಡಿನಲ್ಲಿ ಕಾಯುವುದಕ್ಕೂ ಬೆಲೆ ಇದೆ. ಕ್ಯೂಎಂಡಿಯಲ್ಲಿ ನ್ಯೂಕ್ಲಿಯಾನ್‌ಗಳು ಹೆಚ್ಚುಕಡಿಮೆ ಕ್ಲಾಸಿಕಲ್ ಕಣಗಳ ಹಾಗೆ ಚಲಿಸುತ್ತವೆ. ಪೌಲಿ ನಿಯಮ (ಒಂದೇ ಬಗೆಯ ಎರಡು ನ್ಯೂಕ್ಲಿಯಾನ್‌ಗಳು ಒಂದೇ ಸ್ಥಿತಿಯಲ್ಲಿ ಇರಲಾರವು ಅನ್ನುವುದು) ಅಲ್ಲಿ ಕೆಲಸ ಮಾಡುವುದು ಎರಡು ನ್ಯೂಕ್ಲಿಯಾನ್ ಡಿಕ್ಕಿಯಾದಾಗ ಮಾತ್ರ. ಉಳಿದ ಹೊತ್ತಿನಲ್ಲಿ ಅವು ತಮ್ಮ ತಮ್ಮಲ್ಲೇ ಶಕ್ತಿ ಹಂಚಿಕೊಳ್ಳುತ್ತಾ ಇರುತ್ತವೆ. ಒಂದಕ್ಕೆ ಜಾಸ್ತಿ ಸಿಕ್ಕಿದರೆ ಅದು ಹಾರಿಹೋಗುತ್ತದೆ. ನಿಜವಾದ ತಣ್ಣನೆಯ ನ್ಯೂಕ್ಲಿಯಸ್‌ನಿಂದ ಹೀಗೆ ಯಾವುದೂ ಹಾರುವುದಿಲ್ಲ. ಒಂದು ಪರೀಕ್ಷೆ ಮಾಡಿ: ಒಂದೇ ಒಂದು ಚಿನ್ನದ ನ್ಯೂಕ್ಲಿಯಸ್ ಇಡಿ, ಯಾವ ಡಿಕ್ಕಿಯೂ ಬೇಡ. ಸುಮ್ನೆ 300 ಎಫ್‌ಎಂ/ಸಿ ಬಿಡಿ. ಆಮೇಲೆ 197ರಲ್ಲಿ ಎಷ್ಟು ಉಳಿದಿವೆ ಎಣಿಸಿ. ಕಳೆದುಹೋದಷ್ಟೂ ನಿಮ್ಮ ಕೋಡಿನ ಸೋರಿಕೆ. ತುಣುಕುಗಳು ದೂರ ಸರಿಯಲಿ ಅಂತ ನೀವು ಕಾಯುವಷ್ಟೂ ಹೊತ್ತು ಅದು ಸೋರುತ್ತಲೇ ಇರುತ್ತದೆ.

ಈಗ ನನಗೆ ಮುಖ್ಯ ಅನಿಸಿದ ವಿಷಯ. ಪ್ರಯೋಗದ ಮೂರು-ನಾಲ್ಕು ಅನ್ನುವ ಸಂಖ್ಯೆಯ ಪಕ್ಕ ನಿಮ್ಮ 1.4 ಇಟ್ಟಿದ್ದೀರಿ. ಅವೆರಡೂ ಒಂದೇ ವಸ್ತುವಿನ ಎಣಿಕೆ ಹೌದಾ?

ಅಲಾದಿನ್ ಏನು ನೋಡಿತು ಅಂತ ಹೇಳುತ್ತೇನೆ. ಜರ್ಮನಿಯ ಡಾರ್ಮ್‌ಸ್ಟಾಟ್‌ನ ಜಿಎಸ್ಐ ಸಂಶೋಧನಾ ಕೇಂದ್ರದಲ್ಲಿ ಎಸ್ಐಎಸ್-18 ಸಿಂಕ್ರೊಟ್ರಾನ್ (ಕಣಗಳ ವೇಗ ಹೆಚ್ಚಿಸುವ ಯಂತ್ರ) 1990ರಲ್ಲಿ ಶುರುವಾಯಿತು. ಮರುವರ್ಷವೇ ಆ ತಂಡದ ಮೊದಲ ದೊಡ್ಡ ಫಲಿತಾಂಶ ಬಂತು. 600 ಎಂಇವಿಯ ಚಿನ್ನದ ಕಿರಣವನ್ನು ಕಾರ್ಬನ್, ಅಲ್ಯೂಮಿನಿಯಂ, ತಾಮ್ರದ ಮೇಲೆ ಬಿಟ್ಟರು. ಡಿಕ್ಕಿಯ ಏಟು ಹೆಚ್ಚಾದಂತೆ ಮಧ್ಯಮ ತುಣುಕುಗಳು ಮೊದಲು ಏರಿದವು, ಆಮೇಲೆ ಇಳಿದವು. ಮೆಲ್ಲಗೆ ತಾಗಿದರೆ ನ್ಯೂಕ್ಲಿಯಸ್ ಬಿಸಿಯಾಗಿ ಕೆಲವು ನ್ಯೂಟ್ರಾನ್‌ಗಳನ್ನು ಉದುರಿಸಿ ಸುಮ್ಮನಾಗುತ್ತದೆ. ತುಂಬಾ ಜೋರಾದರೆ ಪೂರ್ತಿ ಪುಡಿ, ಉಳಿಯುವುದು ಪ್ರೋಟಾನ್, ನ್ಯೂಟ್ರಾನ್, ಹೀಲಿಯಂ. ನಡುವೆ ಒಂದು ಕಡೆ ಮಾತ್ರ ಅದು ಹಲವು ತುಣುಕಾಗಿ ಒಡೆಯುತ್ತದೆ. ಆ ಗ್ರಾಫ್ ಮೊದಲ ಸಲ ನೋಡಿದಾಗ ನಾನು ವಿದ್ಯಾರ್ಥಿ. ಒಂದು ನ್ಯೂಕ್ಲಿಯಸ್ ಒಡೆಯುವ ಕ್ರಮ ಇಷ್ಟು ಸ್ಪಷ್ಟವಾಗಿ ಕಾಣಬಹುದು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆದರೆ ಆ ಡಿಟೆಕ್ಟರ್ ಇದ್ದದ್ದು ಮುಂದಿನ ದಿಕ್ಕಿನಲ್ಲಿ. ಕಿರಣದ ಜೊತೆ ಬಂದ ಚಿನ್ನದ ನ್ಯೂಕ್ಲಿಯಸ್‌ನಲ್ಲಿ ಡಿಕ್ಕಿಗೆ ನೇರವಾಗಿ ಸಿಗದೆ ಪಕ್ಕದಿಂದ ಹಾದುಹೋದ ಭಾಗ, ಅಂದರೆ ಪ್ರೊಜೆಕ್ಟೈಲ್ ಸ್ಪೆಕ್ಟೇಟರ್, ಹೆಚ್ಚುಕಡಿಮೆ ಕಿರಣದ ವೇಗದಲ್ಲೇ ಮುಂದೆ ಹೋಗುತ್ತದೆ. ಅದರ ತುಣುಕುಗಳೆಲ್ಲ ಒಂದು ಕಿರಿದಾದ ಕೋನದೊಳಗೆ ಬರುತ್ತವೆ. ಅದೇ ಈ ವಿಧಾನದ ಸೊಗಸು. ನಿಧಾನವಾಗಿದ್ದು ಟಾರ್ಗೆಟ್‌ನಲ್ಲೇ ಸಿಕ್ಕಿಕೊಳ್ಳುವ ತುಣುಕು ಅಂತ ಇಲ್ಲಿ ಇಲ್ಲ. ಎಲ್ಲವೂ ಬಂದು ತಲುಪುತ್ತವೆ. ಆದರೆ ಅದು ಒಂದು ಬದಿ ಮಾತ್ರ. ನಿಮ್ಮ ಡಿಕ್ಕಿಯಲ್ಲಿ ಎರಡು ಸ್ಪೆಕ್ಟೇಟರ್ ಇವೆ. ನೀವು ರ‍್ಯಾಪಿಡಿಟಿ (ಕಿರಣದ ದಿಕ್ಕಿನ ವೇಗದ ಅಳತೆ) ನೋಡಿ ಮುಂದಿನ ಬದಿಯನ್ನು ಮಾತ್ರ ತೆಗೆದುಕೊಂಡಿದ್ದೀರಾ? 394 ನ್ಯೂಕ್ಲಿಯಾನ್‌ಗಳನ್ನೂ ಸೇರಿಸಿ 1.4 ಬಂದಿದ್ದರೆ, ಒಂದು ಬದಿಗೆ ಅದರ ಅರ್ಧ.

ಇನ್ನೊಂದು. ಆ ಗ್ರಾಫಿನ ಅಡ್ಡ ಅಕ್ಷದಲ್ಲಿ ಇಂಪ್ಯಾಕ್ಟ್ ಪ್ಯಾರಾಮೀಟರ್ ಇಲ್ಲ. ಡಿಟೆಕ್ಟರ್‌ಗೆ ಅದು ಗೊತ್ತಾಗುವುದಿಲ್ಲ. ಅಲ್ಲಿರುವುದು ಜೆಡ್-ಬೌಂಡ್: ಜೆಡ್ 2 ಮತ್ತು ಅದಕ್ಕಿಂತ ಹೆಚ್ಚಿನ ಎಲ್ಲ ತುಣುಕುಗಳ ಚಾರ್ಜ್ ಕೂಡಿಸಿದ ಮೊತ್ತ. ಒಂಟಿ ಪ್ರೋಟಾನ್ ಸೇರುವುದಿಲ್ಲ. ಚಿನ್ನಕ್ಕೆ ಶಿಖರ ಬರುವುದು ಜೆಡ್-ಬೌಂಡ್ 40ರ ಸುತ್ತ. ನೀವು 6 ಫೆಮ್ಟೋಮೀಟರ್ ಅಂತ ಒಂದೇ ಕಡೆ ನಿಂತಿದ್ದೀರಿ. ಎಲ್ಲ ಇಂಪ್ಯಾಕ್ಟ್ ಪ್ಯಾರಾಮೀಟರ್‌ಗಳನ್ನೂ ಓಡಿಸಿ, ಪ್ರತಿ ಡಿಕ್ಕಿಗೂ ನಿಮ್ಮದೇ ಜೆಡ್-ಬೌಂಡ್ ಲೆಕ್ಕ ಹಾಕಿ, ಆಮೇಲೆ ಹೋಲಿಸಿ.

ಇದೆಲ್ಲ ಮಾಡಿದ ಮೇಲೂ ನಿಮ್ಮ ಸಂಖ್ಯೆ ಕಡಿಮೆಯೇ ಇರುತ್ತದೆ ಅಂತ ನನ್ನ ಅಂದಾಜು. ಯಾಕೆ ಅಂತ ನಾನು ಹೇಳುವುದಕ್ಕಿಂತ ನೀವೇ ನೋಡಿದರೆ ಒಳ್ಳೆಯದು. ಒಂದು ಡಿಕ್ಕಿ ಆರಿಸಿ. ಸರಾಸರಿ ಬೇಡ, ಒಂದೇ ಒಂದು. 200ರಲ್ಲಿ ಎಂಎಸ್‌ಟಿ ಕೊಟ್ಟ ತುಣುಕುಗಳಲ್ಲಿ ಒಂದನ್ನು ತೆಗೆದು, ಅದರ ನ್ಯೂಕ್ಲಿಯಾನ್‌ಗಳು ಎಲ್ಲೆಲ್ಲಿವೆ ಅಂತ ಚಿತ್ರ ಬರೆಯಿರಿ. ಪ್ರತಿ ಚುಕ್ಕಿಗೂ ಮೊಮೆಂಟಮ್‌ನ ಬಾಣ ಹಾಕಿ. ಅದನ್ನು ಹತ್ತು ನಿಮಿಷ ನೋಡಿ.

ಎರಡನೇ_ವರ್ಷ

ಮೊದಲು ಒಪ್ಪಿಕೊಳ್ಳುತ್ತೇನೆ: ಎರಡೂ ಬದಿಗಳನ್ನು ಸೇರಿಸಿಯೇ ಎಣಿಸಿದ್ದೆ. ನೀವು ಕೇಳುವವರೆಗೆ ಅದು ತಲೆಗೇ ಬಂದಿರಲಿಲ್ಲ. ಒಂದು ಬದಿಗೆ 0.7.

ಒಂಟಿ ಚಿನ್ನದ ಪರೀಕ್ಷೆಯನ್ನೂ ಮಾಡಿದೆ. ಇಪ್ಪತ್ತು ಸಲ ಓಡಿಸಿದೆ. ಯಾರೂ ಮುಟ್ಟದಿದ್ದರೂ 300 ಎಫ್‌ಎಂ/ಸಿ ಆಗುವಷ್ಟರಲ್ಲಿ ನಾಲ್ಕೈದು ನ್ಯೂಕ್ಲಿಯಾನ್‌ಗಳು ಹಾರಿಹೋಗಿದ್ದವು. ಇನ್ನು ಡಿಕ್ಕಿಯಾಗಿ ಬಿಸಿಯಾದ ತುಣುಕಿನಿಂದ ಎಷ್ಟು ಹೋಗುತ್ತಿರಬೇಡ!

ಈಗ ಚಿತ್ರದ ವಿಷಯ. 41ನೇ ಡಿಕ್ಕಿ ತೆಗೆದುಕೊಂಡೆ. ಅದರಲ್ಲಿ 31 ನ್ಯೂಕ್ಲಿಯಾನ್‌ಗಳ ಒಂದು ತುಣುಕು ಇತ್ತು, ನೋಡಲು ಚೆನ್ನಾಗಿಯೇ ಇದೆ ಅಂದುಕೊಂಡಿದ್ದೆ. ಚಿತ್ರ ಬರೆದಾಗ ಬಂದದ್ದು ಡಂಬೆಲ್! ಎಡಗಡೆ 18 ಚುಕ್ಕಿಗಳ ಒಂದು ಗುಂಪು, ಬಲಗಡೆ 12ರ ಇನ್ನೊಂದು. ನಡುವೆ ಒಂದೇ ಒಂದು ನ್ಯೂಟ್ರಾನ್. ಎಡಗುಂಪಿನ ಅಂಚಿಗೆ ಅದರಿಂದ 3.7 ಫೆಮ್ಟೋಮೀಟರ್, ಬಲಗುಂಪಿನ ಅಂಚಿಗೆ 3.8. ಎರಡೂ 4ಕ್ಕಿಂತ ಕಡಿಮೆ, ಅದಕ್ಕೇ ಮೂವತ್ತೊಂದೂ ಒಂದೇ ತುಣುಕು ಅಂತ ನನ್ನ ಪ್ರೋಗ್ರಾಂ ಬರೆದುಕೊಂಡಿತ್ತು.

ಬಾಣಗಳನ್ನು ಹಾಕಿದ ಮೇಲೆ ಇನ್ನೂ ಸ್ಪಷ್ಟವಾಯಿತು. ಎಡಗುಂಪಿನ ಬಾಣಗಳ ಸರಾಸರಿ ಎಡಕ್ಕೆ, ಬಲಗುಂಪಿನದು ಬಲಕ್ಕೆ. ನಡುವಿನ ನ್ಯೂಟ್ರಾನ್ ಎರಡನ್ನೂ ಬಿಟ್ಟು ಮೇಲಕ್ಕೆ ಓಡುತ್ತಿದೆ. ಅದು ಯಾರನ್ನೂ ಕಟ್ಟಿಹಾಕಿಲ್ಲ, ಆ ಕ್ಷಣಕ್ಕೆ ಅಲ್ಲಿಂದ ಹಾದುಹೋಗುತ್ತಿತ್ತು ಅಷ್ಟೇ. ನಾನು ಅದನ್ನೇ ಸೇತುವೆ ಮಾಡಿಬಿಟ್ಟಿದ್ದೆ.

ಕುತೂಹಲ ತಡೆಯಲಾಗದೆ ಅದೇ ಡಿಕ್ಕಿಯನ್ನು ಹಿಂದಕ್ಕೆ ಓಡಿಸಿ ನೋಡಿದೆ. 200ರಲ್ಲಿ ಎಡಗುಂಪಿನಲ್ಲಿದ್ದ 18ರ ನಂಬರ್‌ಗಳನ್ನು ಗುರುತು ಮಾಡಿಕೊಂಡು, 60 ಎಫ್‌ಎಂ/ಸಿಯಲ್ಲಿ ಅವು ಎಲ್ಲಿದ್ದವು ಅಂತ ಹುಡುಕಿದೆ. ಆಗ ಇಡೀ ಸ್ಪೆಕ್ಟೇಟರ್ ಒಂದೇ ದೊಡ್ಡ ಮುದ್ದೆ. ಆದರೆ ಆ 18ರಲ್ಲಿ 15 ಆಗಲೇ ಒಂದೇ ಮೂಲೆಯಲ್ಲಿದ್ದವು. ಬಾಣಗಳೂ ಹೆಚ್ಚುಕಡಿಮೆ ಒಂದೇ ಕಡೆಗೆ. ಇದು ಈ ಒಂದು ಡಿಕ್ಕಿಯಲ್ಲಿ ಮಾತ್ರ ಹೀಗಾಯಿತಾ, ಅಥವಾ ಯಾವಾಗಲೂ ಹೀಗೇನಾ?

ಕಾರ್ಬನ್_ಬೀಮ್

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಾನು ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ಕಾರ್ಬನ್ ಕಿರಣದ ಡೋಸ್ ಲೆಕ್ಕ ಮಾಡುವವಳು. ಒಂದು ಡಿಕ್ಕಿಯಲ್ಲಿ ಎಷ್ಟು ತುಣುಕು ಅನ್ನುವುದು ನಮಗೂ ದಿನನಿತ್ಯದ ಪ್ರಶ್ನೆ, ಅದಕ್ಕೇ ಈ ಚರ್ಚೆಯನ್ನು ಬಿಡದೆ ಓದುತ್ತಿದ್ದೇನೆ.

ಕಾರ್ಬನ್-12 ದೇಹದೊಳಗೆ ಹೋಗಿ ಒಂದು ಆಳದಲ್ಲಿ ನಿಲ್ಲುತ್ತದೆ. ಶಕ್ತಿಯ ಹೆಚ್ಚು ಭಾಗವನ್ನು ನಿಲ್ಲುವ ಮುಂಚೆ ಅಲ್ಲೇ ಬಿಡುತ್ತದೆ. ಆದರೆ ದಾರಿಯಲ್ಲಿ ಕೆಲವು ಒಡೆಯುತ್ತವೆ. ಒಡೆದ ತುಣುಕುಗಳು ಸುಮಾರು ಅದೇ ವೇಗದಲ್ಲಿ ಮುಂದುವರಿಯುತ್ತವೆ. ಒಂದೇ ವೇಗದಲ್ಲಿ ಹೋಗುವ ಕಣಗಳು ಎಷ್ಟು ದೂರ ಹೋಗುತ್ತವೆ ಅನ್ನುವುದು ತೂಕವನ್ನು ಚಾರ್ಜಿನ ವರ್ಗದಿಂದ ಭಾಗಿಸಿದ ಲೆಕ್ಕ. ಕಾರ್ಬನ್‌ಗೆ 12ನ್ನು 36ರಿಂದ ಭಾಗಿಸಬೇಕು. ಹೀಲಿಯಂ-4ಕ್ಕೆ 4ನ್ನು 4ರಿಂದ. ಅಂದರೆ ಮುಂದೆ ಸಾಗುವ ದೂರ ಮೂರು ಪಟ್ಟು! ಗಡ್ಡೆಯನ್ನು ದಾಟಿ ಆಚೆಗಿನ ಆರೋಗ್ಯವಂತ ಭಾಗಕ್ಕೂ ಸ್ವಲ್ಪ ಡೋಸ್ ಹೋಗುವುದು ಇದರಿಂದಲೇ.

ಒಡೆಯುವುದರಿಂದ ಉಪಯೋಗವೂ ಇದೆ. ಒಂದು ನ್ಯೂಟ್ರಾನ್ ಉದುರಿದ ಕಾರ್ಬನ್-11 ಪಾಸಿಟ್ರಾನ್ ಬಿಡುತ್ತದೆ, ಅರ್ಧಾಯುಷ್ಯ ಸುಮಾರು 20 ನಿಮಿಷ. ಅದನ್ನು ಪಿಇಟಿ ಸ್ಕ್ಯಾನ್‌ನಲ್ಲಿ ನೋಡಿ ಕಿರಣ ನಿಜವಾಗಿ ಎಲ್ಲಿ ನಿಂತಿತು ಅಂತ ಹೇಳಬಹುದು. 1997ರಿಂದ 2008ರವರೆಗೆ ಜಿಎಸ್ಐಯಲ್ಲೇ ರೋಗಿಗಳಿಗೆ ಚಿಕಿತ್ಸೆ ಕೊಟ್ಟಾಗ ಇದನ್ನು ಬಳಸಿದ್ದರು. ಹಾಗಾಗಿ ಡೋಸ್ ಲೆಕ್ಕ ಹಾಕುವ ಕೋಡ್‌ಗಳಲ್ಲಿ ತುಣುಕುಗಳ ಸಂಖ್ಯೆ ತಪ್ಪಾದರೆ ನಮ್ಮ ಮಟ್ಟಿಗೆ ಅದು ಒಬ್ಬ ಮನುಷ್ಯನ ದೇಹದಲ್ಲಿ ಆಗುವ ತಪ್ಪು. ನಿಮ್ಮ ಕೆಲಸ ಬಿಡಬೇಡಿ.

ಹಳೇ_ಸಿಂಟಿಲೇಟರ್

ಡಂಬೆಲ್ ನೋಡಿದಿರಲ್ಲ, ನನಗೆ ತುಂಬಾ ಖುಷಿಯಾಯಿತು. ನೀವು ಕೇಳಿದ ಪ್ರಶ್ನೆಗೆ ಅದಕ್ಕಿಂತ ಜಾಸ್ತಿ. 60 ಎಫ್‌ಎಂ/ಸಿಯಲ್ಲೇ ಆ 18ರಲ್ಲಿ 15 ಜೊತೆಗಿದ್ದವು ಅನ್ನುವುದು ಆಕಸ್ಮಿಕ ಅಲ್ಲ.

ಸಮಯದ ಅಳತೆ ನೋಡಿ. ಆ ಶಕ್ತಿಯಲ್ಲಿ ಎರಡು ಚಿನ್ನದ ನ್ಯೂಕ್ಲಿಯಸ್‌ಗಳು ಒಂದನ್ನೊಂದು ದಾಟಿಹೋಗಲು ಸುಮಾರು 25 ಎಫ್‌ಎಂ/ಸಿ ಸಾಕು. 60 ಅನ್ನುವಷ್ಟರಲ್ಲಿ ಹೊಡೆತ ಮುಗಿದಿದೆ. ಯಾವ ನ್ಯೂಕ್ಲಿಯಾನ್‌ಗೆ ಎಷ್ಟು ಏಟು ಬಿತ್ತು ಅನ್ನುವುದು ತೀರ್ಮಾನವಾಗಿಬಿಟ್ಟಿದೆ. ಕಣ್ಣಿಗೆ ಒಂದೇ ಮುದ್ದೆ, ಆದರೆ ಯಾರು ಯಾರ ಜೊತೆ ಹೋಗುತ್ತಾರೆ ಅನ್ನುವುದು ಸ್ಥಾನ ಮತ್ತು ಮೊಮೆಂಟಮ್ ಎರಡನ್ನೂ ಸೇರಿಸಿ ನೋಡಿದರೆ ಆಗಲೇ ಅಲ್ಲಿದೆ.

ಇದನ್ನು ಹುಡುಕುವ ದಾರಿಯೂ ಇದೆ. ದೂರ ನೋಡಬೇಡಿ, ಬಂಧನ ಶಕ್ತಿ ನೋಡಿ ಅನ್ನುವ ಯೋಚನೆಯನ್ನು ಡೋರ್ಸೊ ಮತ್ತು ರಾಂಡ್ರಪ್ 1993ರಲ್ಲಿ ಮುಂದಿಟ್ಟರು. ಆಮೇಲೆ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ರಾಜೀವ್ ಪುರಿ ಮತ್ತು ಫ್ರಾನ್ಸ್‌ನ ನಾಂತ್‌ನಲ್ಲಿರುವ ಯೋರ್ಗ್ ಐಷೆಲಿನ್ ಅದಕ್ಕೆ ‘ಸಾಕಾ’ (SACA) ಅನ್ನುವ ಹೆಸರಿನ ವೇಗದ ವಿಧಾನ ಕೊಟ್ಟರು. ಮೊದಲು ನ್ಯೂಕ್ಲಿಯಾನ್‌ಗಳನ್ನು ಹೇಗೋ ಒಂದು ರೀತಿ ಗುಂಪು ಮಾಡಿ. ಪ್ರತಿ ಗುಂಪಿನ ಶಕ್ತಿಯನ್ನು ಅದರದೇ ಕೇಂದ್ರದಿಂದ ನೋಡಿ ಲೆಕ್ಕ ಹಾಕಿ. ಗುಂಪು ಗುಂಪಿನ ನಡುವಿನ ಸೆಳೆತ ಬಿಡಿ. ಆಮೇಲೆ ಒಂದು ನ್ಯೂಕ್ಲಿಯಾನನ್ನು ಇಲ್ಲಿಂದ ಅಲ್ಲಿಗೆ ಹಾಕಿ ನೋಡಿ. ಒಟ್ಟು ಬಂಧನ ಗಟ್ಟಿಯಾದರೆ ಇಟ್ಟುಕೊಳ್ಳಿ. ಸಡಿಲವಾದರೂ ಶುರುವಿನಲ್ಲಿ ಕೆಲವು ಸಲ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಒಂದು ಸಣ್ಣ ಗುಂಡಿಯಲ್ಲೇ ಸಿಕ್ಕಿಕೊಳ್ಳುತ್ತೀರಿ. ಬರುಬರುತ್ತಾ ಅದನ್ನು ಕಡಿಮೆ ಮಾಡಿ. ಕಾದ ಲೋಹವನ್ನು ನಿಧಾನವಾಗಿ ತಣಿಸುತ್ತಾರಲ್ಲ, ಹಾಗೆ. ಮೂರು ಅಥವಾ ಹೆಚ್ಚು ನ್ಯೂಕ್ಲಿಯಾನ್‌ಗಳ ಗುಂಪಿಗೆ ನ್ಯೂಕ್ಲಿಯಾನ್‌ಗೆ 4 ಎಂಇವಿಯಾದರೂ ಬಂಧನ ಇರಬೇಕು ಅಂತ ಅವರ ಷರತ್ತು. ಹೀಗೆ ಹುಡುಕಿದಾಗ ತುಣುಕುಗಳು 60ರ ಸುತ್ತಲೇ ಕಾಣಿಸಿಕೊಂಡವು. ಅಲಾದಿನ್‌ನ ಏರಿಳಿತ ಕ್ಯೂಎಂಡಿಯಿಂದಲೇ ಬಂತು. ಎಂಎಸ್‌ಟಿಗೆ ಅದು ಆಗಿರಲಿಲ್ಲ. ನಿಮಗೆ ಆದದ್ದೂ ಅದೇ.

ಇನ್ನೊಂದು ಕಡೆಯವರ ಮಾತನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಬಾಂಡಾರ್ಫ್, ಬೊಟ್ವಿನಾ, ಮಿಶುಸ್ಟಿನ್ ಮತ್ತು ಜೊತೆಗಾರರ ಸ್ಟಾಟಿಸ್ಟಿಕಲ್ ಮಾದರಿ ಹೇಳುವುದು ಬೇರೆ: ಸ್ಪೆಕ್ಟೇಟರ್ ಬಿಸಿಯಾಗಿ ಹಿಗ್ಗುತ್ತದೆ, ಸಾಂದ್ರತೆ ಸಾಮಾನ್ಯ ನ್ಯೂಕ್ಲಿಯಸ್‌ನ ಮೂರನೇ ಒಂದರಿಂದ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ, ಹೇಗೆ ಹೊಡೆತ ಬಿತ್ತು ಅನ್ನುವ ನೆನಪು ಅಳಿಸಿಹೋಗುತ್ತದೆ, ಆಮೇಲೆ ಒಡೆಯುತ್ತದೆ. ಅದೂ ಅಲಾದಿನ್ ಗ್ರಾಫಿಗೆ ಚೆನ್ನಾಗಿ ಹೊಂದುತ್ತದೆ. ಟಾರ್ಗೆಟ್ ಬದಲಾದರೂ, ಕಿರಣದ ಶಕ್ತಿ ನ್ಯೂಕ್ಲಿಯಾನ್‌ಗೆ 400ರಿಂದ 1000 ಎಂಇವಿ ಆದರೂ ಜೆಡ್-ಬೌಂಡ್ ಎದುರಿನ ಗೆರೆ ಒಂದೇ ಇರುತ್ತದೆ. ನೆನಪು ಅಳಿಸಿದೆ ಅನ್ನುವವರಿಗೆ ಇದು ಬಲವಾದ ಸಾಕ್ಷಿ. 1995ರಲ್ಲಿ ಅಲಾದಿನ್ ತಂಡ ತಾಪಮಾನವನ್ನೂ ಅಳೆಯಿತು, ಹೀಲಿಯಂ ಮತ್ತು ಲಿಥಿಯಂ ಐಸೋಟೋಪ್‌ಗಳ ಅನುಪಾತದಿಂದ. ಸ್ಪೆಕ್ಟೇಟರ್‌ನ ಒಳಗೆ ಸೇರಿದ ಶಕ್ತಿ ನ್ಯೂಕ್ಲಿಯಾನ್‌ಗೆ 3ರಿಂದ 10 ಎಂಇವಿವರೆಗೆ ಏರಿದರೂ ತಾಪಮಾನ 5 ಎಂಇವಿ ಹತ್ತಿರವೇ ನಿಂತಿತು, ಅಂದರೆ ಸುಮಾರು 5,800 ಕೋಟಿ ಕೆಲ್ವಿನ್. ಕುದಿಯುವ ನೀರಿನ ತಾಪಮಾನ ಹೇಗೆ ಏರದೆ ನಿಲ್ಲುತ್ತದೋ ಹಾಗೆ. ನನ್ನ ಅಭಿಪ್ರಾಯ ಕೇಳಿದರೆ, ಈ ಸಂಖ್ಯೆಗಳನ್ನು ಮಾತ್ರ ಇಟ್ಟುಕೊಂಡು ಎರಡರಲ್ಲಿ ಒಂದನ್ನು ಆರಿಸಲು ಆಗುವುದಿಲ್ಲ. ತುಣುಕುಗಳ ವೇಗ, ಅವುಗಳ ನಡುವಿನ ಕೋನ, ಇವನ್ನೂ ನೋಡಬೇಕು.

ಕೊನೆಗೆ ಒಂದು ಸಣ್ಣ ವಿಷಯ. ಇದನ್ನು ಕೈಬಿಟ್ಟರೆ ಅಷ್ಟು ಕಷ್ಟಪಟ್ಟದ್ದು ಹಾಳು. ನಿಮ್ಮ ಪಟ್ಟಿಯಲ್ಲಿ ಜೆಡ್ 4, ತೂಕ 8 ಇರುವ ತುಣುಕು ಎಷ್ಟಿವೆ ನೋಡಿ. ಅದು ಬೆರಿಲಿಯಂ-8. ಅದು ಎರಡು ಆಲ್ಫಾ (ಹೀಲಿಯಂ ನ್ಯೂಕ್ಲಿಯಸ್) ಆಗಿ ಒಡೆಯಲು ಸರಾಸರಿ ಎರಡು ಕೋಟಿಗೂ ಹೆಚ್ಚು ಎಫ್‌ಎಂ/ಸಿ ಬೇಕು. ನಿಮ್ಮ 300ರ ಒಳಗೆ ಅದು ಕಲ್ಲಿನ ಹಾಗೆ ಗಟ್ಟಿ. ಆದರೆ ಟಾರ್ಗೆಟ್‌ನಿಂದ ಆರು ಮೀಟರ್ ದೂರದ ಡಿಟೆಕ್ಟರ್‌ಗೆ ಬರಲು 25 ನ್ಯಾನೋಸೆಕೆಂಡ್ ಹಿಡಿಯುತ್ತದೆ. ಅದು ನಿಮ್ಮ 200 ಎಫ್‌ಎಂ/ಸಿಯ ಸುಮಾರು 37 ಲಕ್ಷ ಕೋಟಿ ಪಟ್ಟು. ಅಷ್ಟರಲ್ಲಿ ಬೆರಿಲಿಯಂ-8 ಎಲ್ಲಿ ಉಳಿದಿರುತ್ತದೆ? ನಿಮಗೆ ಅದು ಒಂದು ಮಧ್ಯಮ ತುಣುಕು, ಡಿಟೆಕ್ಟರ್‌ಗೆ ಎರಡು ಹೀಲಿಯಂ. ಬಿಸಿಯಾಗಿ ಹುಟ್ಟಿದ ಬೇರೆ ತುಣುಕುಗಳೂ ದಾರಿಯಲ್ಲಿ ನ್ಯೂಟ್ರಾನ್, ಪ್ರೋಟಾನ್, ಆಲ್ಫಾ ಉದುರಿಸುತ್ತಲೇ ಬರುತ್ತವೆ.

ನಮ್ಮ ಕಡೆಯೂ ಇದರಿಂದ ಏಟು ತಿಂದಿದ್ದೇವೆ. ವಿದ್ಯಾರ್ಥಿಯಾಗಿದ್ದಾಗ ನನ್ನ ಲಿಥಿಯಂ ಶಿಖರ ಎಡಬದಿಯಲ್ಲಿ ಊದಿಕೊಂಡಿತ್ತು. ಕ್ಯಾಲಿಬ್ರೇಷನ್ ತಪ್ಪಿದೆ ಅಂತ ಎರಡು ವಾರ ಅದರ ಹಿಂದೆ ಬಿದ್ದಿದ್ದೆ. ಕಣ ಬಿಡುವ ಶಕ್ತಿ ಚಾರ್ಜಿನ ವರ್ಗದ ಪ್ರಕಾರ ಹೋಗುತ್ತದೆ ಅಲ್ವಾ? ಲಿಥಿಯಂಗೆ 9. ಒಂದು ಆಲ್ಫಾಗೆ 4. ಎರಡು ಆಲ್ಫಾ ಡಿಟೆಕ್ಟರ್‌ನ ಒಂದೇ ಸಿಂಟಿಲೇಟರ್ (ಕಣ ತಾಗಿದರೆ ಮಿನುಗುವ ವಸ್ತು) ಪಟ್ಟಿಗೆ ಒಟ್ಟಿಗೆ ಬಿದ್ದರೆ 8. 9ರ ಪಕ್ಕದಲ್ಲೇ 8! ಬೆರಿಲಿಯಂ-8 ಒಡೆಯುವಾಗ ಬಿಡುಗಡೆಯಾಗುವ ಶಕ್ತಿ 0.1 ಎಂಇವಿಗಿಂತ ಕಡಿಮೆ, ಹಾಗಾಗಿ ಆ ಎರಡು ಆಲ್ಫಾಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಬರುತ್ತವೆ, ಬೀಳುವುದೂ ಒಂದೇ ಪಟ್ಟಿಗೆ. ಅವುಗಳನ್ನು ನಾನು ಲಿಥಿಯಂ ಅಂತ ಎಣಿಸುತ್ತಿದ್ದೆ. ಪಕ್ಕದ ಪಟ್ಟಿಗಳ ಲೆಕ್ಕ ಹಿಡಿದು ಅದನ್ನು ತಿದ್ದಿದ ಮೇಲೆಯೇ ಶಿಖರ ನೇರವಾಯಿತು.

ಲೂಪ್_ಒಳಗೆ

ನನ್ನ 500ರ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಸೋರಿಕೆಯ ಪರೀಕ್ಷೆಯನ್ನು ನನ್ನ ಕೋಡಿನಲ್ಲೂ ಈ ವಾರ ಮಾಡುತ್ತೇನೆ. ಒಂದು ಪ್ರಶ್ನೆ: ನಡುವಿನ ಬೆಂಕಿಯುಂಡೆಯಿಂದ, ಅಂದರೆ ಡಿಕ್ಕಿಗೆ ನೇರವಾಗಿ ಸಿಕ್ಕ ಭಾಗದಿಂದ, ಬರುವ ಡ್ಯೂಟರಾನ್, ಟ್ರೈಟಾನ್‌ಗಳಿಗೂ (ಭಾರದ ಹೈಡ್ರೋಜನ್ ನ್ಯೂಕ್ಲಿಯಸ್‌ಗಳು) ಇದೇ ವಿಧಾನ ಸಾಲುತ್ತದಾ?

ಹಳೇ_ಸಿಂಟಿಲೇಟರ್

ಅವುಗಳ ಕಥೆ ಬೇರೆ. ಅಲ್ಲಿ ತಾಪಮಾನವೇ ಹತ್ತಾರು ಎಂಇವಿ, ಡ್ಯೂಟರಾನ್‌ನ ಬಂಧನ ಬರೀ 2.2 ಎಂಇವಿ. ಅಷ್ಟು ಬಿಸಿಯಲ್ಲಿ ಅದು ಮೊದಲಿನಿಂದ ಉಳಿದು ಬಂದಿರಲು ಸಾಧ್ಯವಿಲ್ಲ. ಕೊನೆಯಲ್ಲಿ ಹೊರಗೆ ಹೋಗುವಾಗ, ಹತ್ತಿರದಲ್ಲಿ ಒಂದೇ ವೇಗದಲ್ಲಿ ಇದ್ದವು ಸೇರಿಕೊಳ್ಳುತ್ತವೆ ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಸ್ಪೆಕ್ಟೇಟರ್‌ನ ತುಣುಕಿನ ಜೊತೆ ಇದನ್ನು ಬೆರೆಸಬೇಡಿ. ಬೇರೆ ಪ್ರಶ್ನೆಯಾಗಿ ಹಾಕಿ, ಅಲ್ಲಿ ಬರೆಯುತ್ತೇನೆ.

ಎರಡನೇ_ವರ್ಷ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಬಂಧನ ಶಕ್ತಿ ನೋಡಿ ಗುಂಪು ಮಾಡುವ ಪ್ರೋಗ್ರಾಂ ಬರೆದೆ. ಮೊದಲ ಸಲ ತುಂಬಾ ಬೇಗ ತಣಿಸಿಬಿಟ್ಟೆ, ಓಡಿಸಿದಷ್ಟು ಸಲವೂ ಬೇರೆ ಬೇರೆ ಗುಂಪು ಬಂತು. ನಿಧಾನ ಮಾಡಿದ ಮೇಲೆ ಒಂದೇ ಉತ್ತರ ಬರಲು ಶುರುವಾಯಿತು. 41ನೇ ಡಿಕ್ಕಿಯನ್ನೇ ಮೊದಲು ಹಾಕಿದೆ. 60 ಎಫ್‌ಎಂ/ಸಿಯಲ್ಲಿ ನಿಲ್ಲಿಸಿ ಕೇಳಿದಾಗ ಅದು ಆ ಮುದ್ದೆಯೊಳಗಿಂದ 17ರ ಒಂದು ಗುಂಪು ಮತ್ತು 12ರ ಒಂದು ಗುಂಪು ಎತ್ತಿಕೊಟ್ಟಿತು. ಆ ನಡುವಿನ ನ್ಯೂಟ್ರಾನ್ ಎರಡರಲ್ಲೂ ಇರಲಿಲ್ಲ. ಪರದೆಯ ಮುಂದೆ ಸುಮಾರು ಹೊತ್ತು ಕೂತಿದ್ದೆ.

ಮುಂದಿನ ಬದಿ ಮಾತ್ರ, ಜೆಡ್-ಬೌಂಡ್ ಎದುರಿಗೆ, ಬೆರಿಲಿಯಂ-8 ಅನ್ನು ಎರಡು ಹೀಲಿಯಂ ಅಂತ ಬದಲಿಸಿ ಹಾಕಿದ ಮೊದಲ ಗ್ರಾಫ್ ಇವತ್ತು ಬಂತು. ಏರುತ್ತದೆ, ಇಳಿಯುತ್ತದೆ. ಶಿಖರ 40ರ ಸ್ವಲ್ಪ ಬಲಕ್ಕಿದೆ, ಎತ್ತರ ಎರಡೂವರೆ ದಾಟಿದೆ, ಮೂರು ಮುಟ್ಟಿಲ್ಲ. ಬಿಸಿ ತುಣುಕುಗಳಿಂದ ಆಮೇಲೆ ಉದುರುವುದನ್ನು ಇನ್ನೂ ಸೇರಿಸಿಲ್ಲ. ಅದು ಎತ್ತರವನ್ನು ಇನ್ನೂ ಇಳಿಸಬಹುದು ಅನ್ನುವ ಭಯವಿದೆ. 6 ಫೆಮ್ಟೋಮೀಟರಿಗಿಂತ ಕೆಳಗಿನ ಡಿಕ್ಕಿಗಳು ನನ್ನ ಹತ್ತಿರ ಕಡಿಮೆ ಇವೆ, 2ರಿಂದ 5ರವರೆಗಿನವು ಈಗ ಓಡುತ್ತಿವೆ. ಸೋಮವಾರ ಮುಗಿಯುತ್ತವೆ, ಗ್ರಾಫ್ ಇಲ್ಲೇ ಹಾಕುತ್ತೇನೆ.